ಗುಡ್ಡದ ಮೂರನೆಯ ತಿರುವು

ನನ್ನ ಪಂಕ್ಚರ್ ಅಂಗಡಿಯ ಪಕ್ಕದ ಎಲೆಕ್ಟ್ರಿಷಿಯನ್‌ನನ್ನು ಎಲ್ಲರೂ ಪುಕ್ಕಲಣ್ಣ ಎಂದೇ ಕರೆಯುತ್ತಾರೆ. ಮೂವತ್ತು ವರ್ಷದಿಂದ ಗಾಡಿಗಳ ವೈರಿಂಗ್ ಮಾಡುತ್ತಿದ್ದರೂ ಪುಣ್ಯಾತ್ಮ ಗಾಡಿ ಹತ್ತುವುದಿಲ್ಲ. ಮನೆಗೆ ನಡೆದೇ ಹೋಗುತ್ತಾನೆ. ಅವನ ಪರೀಕ್ಷೆಯೆಲ್ಲ ಬಾನೆಟ್ ಎತ್ತಿ, ನಿಂತ ಗಾಡಿಯ ಮೇಲೆಯೇ. ನಾವು ಆಡಿಕೊಂಡು ನಗುತ್ತಿದ್ದೆವೇ ಹೊರತು ಅದರಲ್ಲೊಂದು ಅಪಾಯವಿದೆ ಎಂದು ಯಾರ ತಲೆಗೂ ಹೊಳೆಯಲಿಲ್ಲ.

ಅವನ ತಂಗಿ ಪಿಕಪ್ ಓಡಿಸುತ್ತಾಳೆ. ಗುಡ್ಡದ ಮೇಲಿನ ಮನೆಗಳಿಗೆ ನೀರಿನ ಕ್ಯಾನ್ ಹಾಕುತ್ತಾಳೆ. ಅಣ್ಣನ ಪಾಲಿನ ಧೈರ್ಯವೂ ಅವಳಿಗೇ ಬಂದಿದೆ. ಅಂಥವಳು ಆ ತಿಂಗಳು ಮೂರು ಸಲ ಮುಖ ಬಿಳುಚಿಕೊಂಡು ಬಂದಳು. ಏರುದಾರಿಯಲ್ಲಿ ಬ್ಯಾಟರಿಯ ಕೆಂಪು ದೀಪ ಹೊತ್ತುತ್ತದೆ, ತಾನಾಗಿಯೇ ಆರುತ್ತದೆ. ಮೂರನೆಯ ಸಲ ಎಂಜಿನ್ನೇ ನಿಂತು, ಬ್ರೇಕ್ ಪೆಡಲ್ ಒತ್ತಲಾಗದಷ್ಟು ಕಲ್ಲಾಗಿ, ತುಂಬಿದ ಗಾಡಿ ಕಂದಕದ ಕಡೆ ಹತ್ತು ಅಡಿ ಜಾರಿತ್ತು. ಅಂಗಡಿಗೆ ತಂದರೆ ಮಾತ್ರ ಮೀಟರ್ ಹದಿನಾಲ್ಕು ವೋಲ್ಟ್ ತೋರಿಸಿ ಏನೂ ಅರಿಯದಂತೆ ಕೂತಿರುತ್ತಿತ್ತು. ಅಣ್ಣ ಬ್ಯಾಟರಿಗೆ ಚಾರ್ಜ್ ಕೊಡುವ ಆಲ್ಟರ್ನೇಟರ್ ಬದಲಾಯಿಸಿದ, ಬೆಲ್ಟ್ ಬಿಗಿದ, ಬ್ಯಾಟರಿಯ ತುದಿಗಳನ್ನು ಉಜ್ಜಿದ. ಗುಡ್ಡದಲ್ಲಿ ಮತ್ತೆ ಅದೇ ರಾಗ, ಅದೇ ಹಾಡು.

“ಇಲ್ಲಿ ನಿಂತ್ಕೊಂಡ್ರೆ ಅದು ಸಿಗಲ್ಲ ಅಣ್ಣ,” ಎಂದಳು ತಂಗಿ. “ನನ್ ಜೊತೆ ಹತ್ತು.”

ಅವನು ಬೆವರಿದ, ನೀರು ಕುಡಿದ, ಹೊಸ ಕೇಬಲ್‌ಗಳ ಚೀಲ ತಬ್ಬಿಕೊಂಡು ಹತ್ತಿದ. ಗಾಡಿ ಜಾರಿದರೆ ಚಕ್ರಕ್ಕೆ ಕೊಡಲು ಮರದ ತುಂಡು ಹಿಡಿದು ನಾನು ಹಿಂದೆ, ಕ್ಯಾನುಗಳ ನಡುವೆ ಕೂತೆ. ಅಷ್ಟು ದಿನ ಅವನನ್ನು ಆಡಿಕೊಂಡ ನನಗೂ ಬಾಯಿ ಒಣಗಿತ್ತು.

ಎಂಜಿನ್ ಮೈಯಿಂದ ಒಂದು ತಂತಿ, ಬ್ಯಾಟರಿಯ ಮೈನಸ್‌ನಿಂದ ಇನ್ನೊಂದು ತಂತಿ ಎಳೆದು ಅವನು ಮೀಟರನ್ನು ತೊಡೆಯ ಮೇಲಿಟ್ಟುಕೊಂಡಿದ್ದ. ಎರಡರ ನಡುವೆ ಸಂಪರ್ಕ ಸರಿಯಿದ್ದರೆ ಅದು ಸೊನ್ನೆ ತೋರಿಸಬೇಕು. ಎರಡು ತಿರುವು ದಾಟುವವರೆಗೂ ಸೊನ್ನೆಯೇ. ಮೂರನೆಯದರಲ್ಲಿ ಭಾರಕ್ಕೆ ಎಂಜಿನ್ ಒಂದು ಕಡೆ ವಾಲಿತು, ಕೆಂಪು ದೀಪ ಹೊತ್ತಿತು, ಅಂಕಿ ಮೂರಕ್ಕೆ ಜಿಗಿಯಿತು. ಅವನು ಕೈ ಎತ್ತಿದ. ಅವಳು ಹ್ಯಾಂಡ್‌ಬ್ರೇಕ್ ಎಳೆದಳು, ನಾನು ಹಾರಿ ಚಕ್ರಕ್ಕೆ ತುಂಡು ಕೊಟ್ಟೆ.

ಅವನು ಗಾಡಿಯಡಿ ತೂರಿ, ಎಂಜಿನ್ನಿಗೂ ಚಾಸಿಗೂ ನಡುವೆ ಇದ್ದು ಕರೆಂಟನ್ನು ಬ್ಯಾಟರಿಯ ಮೈನಸ್‌ಗೆ ಮರಳಿಸುವ ಅರ್ಥ್ ಕೇಬಲ್ ಬಿಚ್ಚಿ ತಂದ. ಕಪ್ಪು ಟೇಪಿನ ಒಳಗೆ ಎಳೆಗಳೆಲ್ಲ ತುಂಡಾಗಿದ್ದವು. ಗಾಡಿ ನಿಂತಾಗ ಅವು ಒಂದನ್ನೊಂದು ಮುಟ್ಟುತ್ತಿದ್ದವು, ಎಂಜಿನ್ ವಾಲಿದಾಗ ಬಿಡಿಸಿಕೊಳ್ಳುತ್ತಿದ್ದವು. ಆ ಟೇಪನ್ನು ಅವನು ಗುರುತು ಹಿಡಿದ. ಕಂದಕಕ್ಕೆ ಎಸೆದು ಏನಾದರೊಂದು ಸುಳ್ಳು ಹೇಳಬಹುದಿತ್ತು, ನಾನಾಗಿದ್ದರೆ ಹಾಗೇ ಮಾಡುತ್ತಿದ್ದೆನೋ ಏನೋ.

“ನಾನೇ ಸುತ್ತಿದ್ದು,” ಎಂದ. “ಎರಡು ವರ್ಷ ಆಯ್ತು. ಸದ್ಯಕ್ಕೆ ಸಾಕು ಅಂದ್ಕೊಂಡು ಎಳೆಗಳನ್ನ ಹೊಸೆದು ಬಿಟ್ಟಿದ್ದೆ. ನಿಂತ ಗಾಡೀಲಿ ಮೀಟರ್ ಚೆನ್ನಾಗೇ ತೋರಿಸ್ತು.”

ತಂಗಿ ಬೈದಿದ್ದರೆ ಚೆನ್ನಾಗಿತ್ತು. ಅವಳು ಕೇಬಲ್ ಕೈಗೆ ತೆಗೆದುಕೊಂಡು, ತಿರುಗಿಸಿ ನೋಡಿ, ಮೆಲ್ಲಗೆ ಕೇಳಿದಳು: “ಇನ್ನೂ ಯಾರ್ಯಾರ ಗಾಡಿಗೆ ಹೀಗೆ ಸುತ್ತಿದೀಯ?”

ಅವನು ಬೆರಳು ಮಡಚುತ್ತಾ ಹೋದ. ಹಾಲಿನ ಗಾಡಿ, ಗಾರೆಯವನ ಟೆಂಪೊ. ಮೂರನೆಯ ಬೆರಳಿಗೆ ಕೈ ನಿಂತುಹೋಯಿತು.

“ಶಾಲೆ ವ್ಯಾನು,” ಎಂದ.

ಆ ವ್ಯಾನು ದಿನಾ ಸಂಜೆ ಹದಿನೆಂಟು ಮಕ್ಕಳನ್ನು ಕೂರಿಸಿಕೊಂಡು ಇದೇ ಗುಡ್ಡ ಹತ್ತುತ್ತದೆ. ಶಾಲೆ ಬಿಡಲು ಇನ್ನು ಇಪ್ಪತ್ತು ನಿಮಿಷವಿತ್ತು. ಈ ತಿರುವಿನಲ್ಲಿ ಫೋನ್ ಸಿಗುವುದಿಲ್ಲ; ಕೆಳಗಿಳಿದು ವ್ಯಾನನ್ನು ತಡೆಯಲೆಂದು ಅವನು ಮತ್ತೆ ಗಾಡಿಯಡಿ ತೂರಿದ, ಆದರೆ ಹೊಸ ಕೇಬಲ್‌ನ ನಟ್ಟು ಎಷ್ಟು ತಿರುಗಿಸಿದರೂ ಕೂರುತ್ತಲೇ ಇರಲಿಲ್ಲ.