ನೋಡೋಕಾ, ನಿಲ್ಲೋಕಾ?

ಹಡಗುಕಟ್ಟೆಯ ಗೇಟಿನ ಒಳಬದಿಗೆ, ಎಡಗಡೆ ಒಂದು ಕಿಟಕಿ, ಅದರ ಮೇಲೆ ಕೆಂಪು ತಗಡಿನ ಸೂರು, ಹಿಂದೆ ಕೌಂಟರ್ ಅಕ್ಕ. ಪ್ರವಾಸಿ ಹಡಗಿನಿಂದ ಇಳಿದು ಬರುವವರಿಗೆ ದಾರಿ ಹೇಳುವುದು ಇಪ್ಪತ್ತೆರಡು ವರ್ಷದಿಂದ ಅವಳ ಕೆಲಸ. ಹಡಗು ನಿಲ್ಲುವುದು ಏಳೇ ಗಂಟೆ ಹೊತ್ತು. ಅಷ್ಟರೊಳಗೆ ಬೆಟ್ಟದ ಮೇಲಿನ ಕೆರೆ ನೋಡಿ ಬರಬೇಕೆಂದರೆ ಎರಡು ದಾರಿ: ಕಣಿವೆಯ ಅಂಚಿನಲ್ಲಿ ಹತ್ತುವ ಪುಟ್ಟ ರೈಲು, ಇಲ್ಲವೇ ತಿರುವಿನ ಮೇಲೆ ತಿರುವಿರುವ ರಸ್ತೆಯಲ್ಲಿ ಕಾರು. ಇದೇನು ಮಹಾ ವಿಷಯ ಎನ್ನಬೇಡಿ. ಈ ಎರಡರಲ್ಲಿ ಒಂದನ್ನು ಆರಿಸಲು ಗಂಡ ಹೆಂಡತಿ ಆ ಕಿಟಕಿಯ ಮುಂದೆ ಕಿತ್ತಾಡುವುದನ್ನು ಕಂಡರೆ ಆಸ್ತಿ ಪಾಲಿಗೆ ಬಂದವರೇನೋ ಅನ್ನಿಸುತ್ತದೆ.

ಅಕ್ಕ ಯಾರ ಪರವೂ ವಹಿಸುತ್ತಿರಲಿಲ್ಲ. ಒಂದೇ ಪ್ರಶ್ನೆ ಕೇಳುತ್ತಿದ್ದಳು: "ನೋಡೋಕೆ ಬಂದಿದ್ದೀರಾ, ನಿಲ್ಲೋಕೆ ಬಂದಿದ್ದೀರಾ?" ನೋಡುವವರಿಗೆ ರೈಲು. ಕಿಟಕಿಗೆ ತಲೆ ಆನಿಸಿ ಕೂತರೆ ಸಾಕು, ಬೆಟ್ಟವೇ ಸರಿದು ಹೋಗುತ್ತದೆ. ಕಂಡಕಂಡಲ್ಲಿ ಇಳಿದು ನಿಲ್ಲಬೇಕು ಅನ್ನುವವರಿಗೆ ಕಾರು. ಈ ಪ್ರಶ್ನೆ ಕೇಳಿದ ಮೇಲೆ ಎಂಥ ಜಗಳವೂ ಎರಡು ನಿಮಿಷದಲ್ಲಿ ತಣ್ಣಗಾಗುತ್ತಿತ್ತು.

ತೊಡಕು ಒಂದೇ. ಗೇಟಿನಾಚೆ ಸಾಲಾಗಿ ನಿಲ್ಲುವ ಕಾರಿನವರಲ್ಲಿ ಅವಳ ಗಂಡನೂ ಒಬ್ಬ. ಅಲ್ಲಿ ಒಂದು ಹಲಗೆ, ಹಲಗೆಗೆ ಮೊಳೆ, ಒಂದೊಂದು ಮೊಳೆಗೂ ಒಬ್ಬೊಬ್ಬ ಡ್ರೈವರಿನ ನಂಬರಿನ ಬಿಲ್ಲೆ. ಸವಾರಿ ಹೊರಟರೆ ಆ ಬಿಲ್ಲೆಯನ್ನು ತಿರುವಿ ಹಾಕುತ್ತಾರೆ. ಅವಳು ಕೆಲಸಕ್ಕೆ ಸೇರಿದ ಹೊಸತರಲ್ಲಿ ಹಿರಿಯ ಡ್ರೈವರ್, "ಇನ್ನೇನು ಬಿಡ್ರಪ್ಪಾ, ಸವಾರಿ ಎಲ್ಲಾ ಒಂದೇ ಮನೆಗೆ" ಅಂದಿದ್ದ. ಆ ಮಾತು ಅವಳಿಗೆ ಚುರ್ರೆಂದಿತ್ತು. ಅಂದಿನಿಂದ ಅವಳ ಬಾಯಲ್ಲಿ ಗಂಡನ ಕಾರಿನ ಮಾತೇ ಬರಲಿಲ್ಲ. ಸಂಶಯವಿದ್ದವರನ್ನೆಲ್ಲ ರೈಲಿಗೇ ಕಳಿಸಿದಳು. ನ್ಯಾಯ ಅಂದರೆ ನ್ಯಾಯವೇ, ಇಲ್ಲವೆನ್ನುವುದಿಲ್ಲ. ಆದರೆ ಅದರಲ್ಲಿ ಅರ್ಧ ಪಾಲು ಹಠವೂ ಇತ್ತು.

ಅದಕ್ಕೆ ಪ್ರತಿಫಲವೂ ಸಿಗುತ್ತಿದೆ ಎಂದು ಅವಳು ನಂಬಿದ್ದಳು. ಸಂಜೆ ಹಡಗಿಗೆ ಮರಳುವವರಲ್ಲಿ ಕೆಲವರು ಅವಳ ಕಿಟಕಿಯತ್ತ ಬಗ್ಗಿ ನೋಡಿ, ನಕ್ಕು, ಕೈ ಬೀಸಿ ಹೋಗುತ್ತಿದ್ದರು. ನನ್ನ ಸಲಹೆ ಅಷ್ಟು ಚೆನ್ನಾಗಿರುತ್ತದೆ ಎಂದು ಅಕ್ಕ ಒಳಗೊಳಗೇ ಉಬ್ಬುತ್ತಿದ್ದಳು.

ಗಂಡನಿಗೆ ಅರವತ್ತೈದು ತುಂಬಿತು. ಅರವತ್ತೈದಾದರೆ ಬಾಡಿಗೆ ಕಾರು ಓಡಿಸುವ ಹಾಗಿಲ್ಲ, ಅದು ಕಟ್ಟೆಯ ಕಾನೂನು. ಕೊನೆಯ ದಿನ ಬೆಳಿಗ್ಗೆ ಅವನು ಕಾರನ್ನು ಎರಡು ಸಲ ತೊಳೆದ. "ಇವತ್ತು ಒಂದು ಸವಾರಿ ಸಿಕ್ಕರೆ ಸಾಕಪ್ಪ. ಖಾಲಿ ಕಾರಲ್ಲಿ ಮನೆಗೆ ಬರೋ ಹಾಗೆ ಆಗದಿದ್ರೆ ಸಾಕು" ಎಂದ. ಅವಳು ಕೇಳಿಸದವಳ ಹಾಗೆ ಟಿಫಿನ್ ಡಬ್ಬಿಯ ಮುಚ್ಚಳ ಒತ್ತಿದಳು. ಆದರೆ ಆ ಮಾತು ದಿನವಿಡೀ ಅವಳ ತಲೆಯಲ್ಲೇ ಕೂತಿತ್ತು.

ಡ್ರೈವರುಗಳು ದೊಡ್ಡ ಮನಸ್ಸು ಮಾಡಿ, ಮೊದಲ ಸವಾರಿ ಅವನಿಗೇ ಇರಲಿ ಎಂದು ಅವನ ಬಿಲ್ಲೆಯನ್ನು ಮೊದಲ ಮೊಳೆಗೆ ಹಾಕಿದ್ದರು. ಬಂದದ್ದು ಮಾತ್ರ ಸಣ್ಣ ಹಡಗು. ಮುಕ್ಕಾಲು ಜನ ಹಡಗಿನವರದೇ ಬಸ್ಸು ಹತ್ತಿದರು, ಮಕ್ಕಳಿದ್ದವರು ರೈಲು ಅಂದರು. ಕೊನೆಗೆ ಉಳಿದದ್ದು ಒಂದು ಮುದಿ ಜೋಡಿ. ಯಜಮಾನರಿಗೆ ಕಾರು ಬೇಕು, ಯಜಮಾನಿತಿಗೆ ರೈಲು.

ಅಕ್ಕ ತನ್ನ ಪ್ರಶ್ನೆ ಕೇಳಿದಳು. ಆಕೆ ಹೇಳಿದರು, "ನಲವತ್ತು ವರ್ಷ ಲಾರಿ ಓಡಿಸಿದ್ದಾರೆ ಕಣಮ್ಮ ಇವರು. ಕಾರಲ್ಲಿ ಕೂತ್ರೆ ಕಣ್ಣು ರಸ್ತೆ ಬಿಟ್ಟು ಆಚೀಚೆ ಹೋಗಲ್ಲ, ಇಲ್ಲದ ಬ್ರೇಕ್ ತುಳೀತಾ ಇರ್ತಾರೆ. ಒಂದು ದಿನ ನನ್ನ ಪಕ್ಕ ಸುಮ್ನೆ ಕೂತು ಕಿಟಕಿ ಆಚೆ ನೋಡ್ಲಿ ಅಂತ ಆಸೆ."

ಗೇಟಿನಾಚೆ ಅಕ್ಕನ ಗಂಡ ಕಾರಿನ ಬಾಗಿಲು ಹಿಡಿದು ನಿಂತಿದ್ದ. ಕಾರೇ ವಾಸಿ ಅನ್ನುವ ಒಂದೇ ಒಂದು ಮಾತು ಸಾಕಿತ್ತು, ಅದೂ ಪೂರ್ತಿ ಸುಳ್ಳೇನಲ್ಲ. ಯಜಮಾನರು ಆಗಲೇ ಅತ್ತ ಒಂದು ಹೆಜ್ಜೆ ಇಟ್ಟಾಗಿತ್ತು.

"ರೈಲಿಗೆ ಹೋಗಿ. ಎಡಗಡೆ ಸೀಟು ಹಿಡೀರಿ" ಎಂದಳು ಅಕ್ಕ.

ಆಚೆ ಗಂಡ ಕಾರಿನ ಬಾಗಿಲು ಮುಚ್ಚಿದ. ಬಿಲ್ಲೆ ತೆಗೆದುಕೊಳ್ಳಲು ಹಲಗೆಯತ್ತ ನಡೆದ. ವಯಸ್ಸಾಗಿ ಕಾರು ಬಿಟ್ಟು ಈಗ ಹಲಗೆ ನೋಡಿಕೊಳ್ಳುತ್ತಿದ್ದ ಆ ಹಿರಿಯ ಡ್ರೈವರ್ ಕಿಟಕಿಗೆ ಬಂದು, "ಅಲ್ಲಕ್ಕಾ, ಒಂದು ಮಾತು ಹೇಳಿದ್ರೆ ನಿನ್ನ ಗಂಟೇನು ಹೋಗ್ತಿತ್ತು?" ಎಂದು ಗದರಿದ. ಇಪ್ಪತ್ತೆರಡು ವರ್ಷದ ಹಿಂದೆ ಚುಚ್ಚಿದ ಬಾಯೇ ಇದು! ಅವಳಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ಕಿಟಕಿ ಎಳೆದು ಚಿಲಕ ಹಾಕಿದಳು. ಅರ್ಧ ದಿನದ ರಜೆ ಬರೆದು ಕಚೇರಿಗೆ ಕೊಟ್ಟು, ಕೈಚೀಲ ಹಿಡಿದು ಗೇಟು ದಾಟಿ, ನೇರ ಗಂಡನ ಕಾರಿನ ಹತ್ತಿರ ಹೋಗಿ ನಿಂತಳು.

"ಏನು?" ಎಂದ ಅವನು, ಮುಖ ಊದಿಸಿಕೊಂಡೇ.

"ಸವಾರಿ."

"ತಮಾಷೆ ಮಾಡಬೇಡ ಕಣೇ. ಈಗ ಬೇಡ."

"ತಮಾಷೆ ಅಲ್ಲ ರೀ. ಕೆಲಸಕ್ಕೆ ಸೇರಿದ ವಾರ ಕಚೇರಿಯವರು ರೈಲಲ್ಲಿ ಕರ್ಕೊಂಡು ಹೋಗಿ ತೋರಿಸಿದ್ರು. ಕಾರಲ್ಲಿ ಒಂದು ಸಲವೂ ಬೆಟ್ಟ ಹತ್ತಿಲ್ಲ. ಹಡಗಿದ್ದ ದಿನ ನಾನು ಕಿಟಕೀಲಿ, ಇಲ್ಲದ ದಿನ ನಿಮ್ಮಮ್ಮನ ಹಾಸಿಗೆ ಪಕ್ಕ. ಯಾವಾಗ ಹೋಗ್ಲಿ?"

ಅವನು ಅವಳನ್ನೇ ನೋಡಿದ. ಆಮೇಲೆ ಗಂಟಲು ಸರಿಮಾಡಿಕೊಂಡು, ಥೇಟ್ ಅವಳದೇ ರಾಗದಲ್ಲಿ ಕೇಳಿದ: "ನೋಡೋಕೆ ಬಂದಿದ್ದೀರಾ, ನಿಲ್ಲೋಕೆ ಬಂದಿದ್ದೀರಾ?"

"ನಿಲ್ಲೋಕೆ."

ಸಾಲಿಗೆ ಸಾಲೇ ಹೋ ಎಂದು ನಕ್ಕಿತು. ಹಿರಿಯ ಡ್ರೈವರ್ ತಾನೇ ಹೋಗಿ ಬಿಲ್ಲೆಯನ್ನು ತಿರುವಿ ಹಾಕಿದ.

ನಾಲ್ಕನೇ ತಿರುವಿನಲ್ಲಿ ಕಾರು ರೂಢಿಯಂತೆ ತಾನಾಗಿ ನಿಂತಿತು. ಅವನು ಇಳಿದು ಅವಳ ಬಾಗಿಲು ತೆಗೆದ. ಕೆಳಗೆ ಕಟ್ಟೆಯೆಲ್ಲ ಅಂಗೈ ಮೇಲಿಟ್ಟ ಹಾಗೆ ಕಾಣುತ್ತಿತ್ತು. ಅಭ್ಯಾಸಬಲದಿಂದ ಅವನ ಬೆರಳು ಎದ್ದಿತು. "ಅಗೋ, ಅದು ನಿಮ್ಮ ಹಡಗು. ಅದರ ಪಕ್ಕ ಗೇಟು. ಅಲ್ಲೊಂದು ಕೆಂಪು ಸೂರು ಕಾಣ್ತಾ? ಅದರ ಕೆಳಗೆ..." ಎನ್ನುತ್ತ ಫಕ್ಕನೆ ಮಾತು ನಿಲ್ಲಿಸಿದ. ಕಿವಿ ಕೆಂಪಾಯಿತು.

"ಅದರ ಕೆಳಗೆ ಏನ್ರೀ?"

"ಏನಿಲ್ಲ ಬಿಡು."

"ಹೇಳ್ರೀ."

"ಅದರ ಕೆಳಗೆ ಕೂತಿರೋಳು ನನ್ನ ಹೆಂಡ್ತಿ. ನನ್ನ ಕಾರಿಗೋಸ್ಕರವೂ ಒಂದು ಸುಳ್ಳು ಹೇಳದ ಹೆಂಗಸು. ವಾಪಸ್ ಹೋಗುವಾಗ ಅವಳಿಗೊಂದು ಸಲ ಕೈ ಬೀಸಿ ಅಂತ..." ಅವನು ನೆಲ ನೋಡಿದ. "ಎಲ್ಲರಿಗೂ ಹೇಳ್ತೀನಿ. ಮೊದಲಿಂದಲೂ."

ಆ ನಗುಗಳೆಲ್ಲ, ಬೀಸಿದ ಆ ಕೈಗಳೆಲ್ಲ ಒಂದೊಂದಾಗಿ ಅಕ್ಕನ ಕಣ್ಣ ಮುಂದೆ ಬಂದವು. ಯಾವುದೂ ಅವಳ ಸಲಹೆಗೆ ಸಿಕ್ಕದ್ದಲ್ಲ.

"ಒಂದು ದಿನವಾದ್ರೂ ನನಗೆ ಹೇಳಬಾರದಿತ್ತಾ?"

"ಹೇಳಿದ್ರೆ ನೀನು ಅದನ್ನೂ ನಿಲ್ಲಿಸಿಬಿಡ್ತಿದ್ದೆ."

ನಿಜವೇ, ನಿಲ್ಲಿಸುತ್ತಿದ್ದಳು. ಅವಳು ಸೆರಗಿನಿಂದ ಕಣ್ಣೊರೆಸಿಕೊಂಡು ಕೆಳಗೆ ನೋಡಿದಳು. ಕಿಟಕಿ ಮುಚ್ಚಿತ್ತು, ಸೂರಿನ ಕೆಳಗೆ ಯಾರೂ ಇರಲಿಲ್ಲ. ಆದರೂ ಅಕ್ಕ ಕೈ ಎತ್ತಿ ಬೀಸಿದಳು. ಪಕ್ಕದಲ್ಲಿ ಅವನೂ ಬೀಸಿದ.