ಮಾವ ತಟ್ಟಿ ನೋಡಿದ ಚಾಸಿ

೧೯೮೮ರಲ್ಲಿ ನಾನು ಓದು ನಿಲ್ಲಿಸಿದೆ. ಎಂಟನೇ ತರಗತಿಯ ಪರೀಕ್ಷೆ ಅರ್ಧ ಬರೆದು, ಉಳಿದರ್ಧಕ್ಕೆ ಹೋಗದೆ ಬಂಗಾರಪೇಟೆಯ ಒಂದು ವೆಲ್ಡಿಂಗ್ ಶೆಡ್ಡಿಗೆ ಹೋಗಿ ಸೇರಿಕೊಂಡೆ. ಯಾರೂ ಬಿಡಿಸಲಿಲ್ಲ. ಹೊಟ್ಟೆಗಿಲ್ಲದ ಮನೆಯೂ ನಮ್ಮದಲ್ಲ. ಕಬ್ಬಿಣ ಕಬ್ಬಿಣಕ್ಕೆ ಅಂಟಿಕೊಳ್ಳುವುದನ್ನು ಒಮ್ಮೆ ನೋಡಿದ ಮೇಲೆ ಬೆಂಚಿನ ಮೇಲೆ ಕೂರಲು ಮನಸ್ಸಾಗಲಿಲ್ಲ, ಅಷ್ಟೇ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಪಾಪ, ಓದಿಲ್ಲ ಎಂದು ಮರುಗುವವರನ್ನು ಕಂಡರೆ ನನಗೆ ಆಗುವುದಿಲ್ಲ. ಬಂಗಾರಪೇಟೆಯಿಂದ ರಾಬರ್ಟ್‌ಸನ್‌ಪೇಟೆಗೆ ಹೋಗುವ ರಸ್ತೆಯಲ್ಲಿ ಈಗ ನನ್ನದೇ ಶೆಡ್ಡಿದೆ. ಸುತ್ತಮುತ್ತಲ ಟ್ರಾಕ್ಟರ್ ಟ್ರೈಲರುಗಳಲ್ಲಿ ನನ್ನ ಬೆಸುಗೆ ಇಲ್ಲದ್ದನ್ನು ಹುಡುಕಬೇಕು.

ನನ್ನ ಮಿಲಿಟರಿ ಜೀಪು ಆ ಶೆಡ್ಡಿಗೆ ಬಂದದ್ದು ಲಾರಿಯ ಮೇಲೆ ಕೂತುಕೊಂಡು. ಬಂಗಾರಪೇಟೆಯಲ್ಲಿ ಗುಜರಿ ವ್ಯಾಪಾರ ಮಾಡುವ ನನ್ನ ಹಳೆಯ ಗೆಳೆಯ ಅದನ್ನು ಹರಾಜಿನಲ್ಲಿ ಹಿಡಿದಿದ್ದ. ಕತ್ತರಿಸಿ ತೂಕಕ್ಕೆ ಹಾಕುವುದರಲ್ಲಿದ್ದ. ನಾನು ಯಾವುದೋ ಪೈಪು ಹುಡುಕಿಕೊಂಡು ಹೋದವನು ಬೇಲಿ ಪಕ್ಕದಲ್ಲಿ ಅದನ್ನು ನೋಡಿದೆ. ಟೈರಿಲ್ಲ, ಸೀಟಿಲ್ಲ, ನಾಲ್ಕು ಕಲ್ಲುಗಳ ಮೇಲೆ ನಿಂತಿದೆ, ಬಾನೆಟ್ಟಿನೊಳಗಿಂದ ಸೀಮೆಜಾಲಿ ತಲೆ ಹಾಕಿದೆ. ಆದರೆ ಮುಂದಿನ ಬಂಪರು ಒಂದು ಕೂದಲಿನಷ್ಟೂ ಬಾಗಿರಲಿಲ್ಲ.

"ಇದ್ನ ತಕಂಡೋಗಿ ಏನ್ಲಾ ಮಾಡ್ತೀಯಾ?" ಎಂದ ಗೆಳೆಯ.

"ಓಡಿಸ್ತೀನಿ."

"ಯಾವ ಬಾರ್ಡರ್‌ಗೆ?"

ಆಮೇಲೆ ಎಷ್ಟು ಭಾನುವಾರಗಳು ಅದರ ಕೆಳಗೆ ಕಳೆದವೋ ಲೆಕ್ಕ ಇಟ್ಟಿಲ್ಲ. ಗೇರ್‌ಬಾಕ್ಸನ್ನು ಮೊಬೈಲಿನಲ್ಲಿ ವಿಡಿಯೋ ನೋಡಿಕೊಂಡು ಬಿಚ್ಚಿದೆ. ವಿಡಿಯೋದವನು ಮಾತಾಡಿದ್ದು ಅರ್ಥವಾಗಲಿಲ್ಲ, ಕೈ ಮಾತ್ರ ಅರ್ಥವಾಯಿತು. ಕೆಲವು ಸಾಮಾನು ದೆಹಲಿಯಿಂದ ಕೊರಿಯರಿನಲ್ಲಿ ಬಂದವು, ಸಿಗದಿದ್ದನ್ನು ನಾನೇ ಮಾಡಿಕೊಂಡೆ. ಹೆಂಡತಿ ಹಾಲು ಡೈರಿಗೆ ಹಾಕಿ ಬರುವಾಗ ಶೆಡ್ಡಿನ ಮುಂದೆ ನಿಂತು, "ಮನೆ ಗೇಟು ಬೀಳೋ ಅಂಗಾಗೈತೆ, ಇವ್ರು ಇಲ್ಲಿ ಮಿಲಿಟ್ರಿಗೆ ಬೆಸುಗೆ ಆಕ್ತಾ ಕುಂತವ್ರೆ" ಎಂದು ದಾರಿಯಲ್ಲಿ ಹೋಗುವವರಿಗೆಲ್ಲ ಕೇಳುವ ಹಾಗೆ ಹೇಳುತ್ತಿದ್ದಳು. ಕೊನೆಗೊಂದು ದಿನ ಎಂಜಿನ್ ಹಿಡಿಯಿತು. ಅವತ್ತು ಅವಳೂ ಸ್ವಲ್ಪ ಹೊತ್ತು ನಿಂತು ಕೇಳಿಸಿಕೊಂಡಳು.

ಉಳಿದದ್ದು ಆರ್‌ಟಿಒ ತಪಾಸಣೆ. ಹರಾಜಿನ ಕಾಗದದಲ್ಲಿರುವ ನಂಬರೂ ಚಾಸಿಯ, ಅಂದರೆ ಇಡೀ ಗಾಡಿಯನ್ನು ಹೊರುವ ಅಡಿಗಟ್ಟಿನ, ಮೇಲೆ ಕೊರೆದಿರುವ ನಂಬರೂ ಒಂದೇ ಆಗಿರಬೇಕು. ಹಾಗಿದ್ದರೆ ಗಾಡಿ ಗಾಡಿಯಾಗುತ್ತದೆ, ರಸ್ತೆಗಿಳಿಯುತ್ತದೆ. ಚಾಸಿಯ ಮೇಲಿನ ನಂಬರು ಹೋಯಿತೆಂದರೆ ಎಂಜಿನ್ ಎಷ್ಟು ಚೆನ್ನಾಗಿ ಹಾಡಿದರೂ ಅದು ಗುಜರಿಯೇ. ತಪಾಸಣೆ ಆಯುಧ ಪೂಜೆ ಕಳೆದ ಮುಂದಿನ ವಾರಕ್ಕೆ ಗೊತ್ತಾಗಿತ್ತು. ನಾನು ಹಬ್ಬಕ್ಕೆ ಮೊದಲೇ ಇಡೀ ಗಾಡಿಗೆ, ಚಾಸಿಗೂ ಸೇರಿಸಿ, ಹಸಿರು ಬಣ್ಣ ಹೊಡೆದೆ.

ಇಲ್ಲಿ ನನ್ನ ಮಾವನ ವಿಷಯ ಹೇಳಬೇಕು. ಹೆಂಡತಿಯ ತಂದೆ ಚಿನ್ನದ ಗಣಿಯೊಳಗೆ ಮರದ ಕೆಲಸ ಮಾಡಿದವರು. ಬಂಡೆ ಕುಸಿಯದ ಹಾಗೆ ದಿಮ್ಮಿಗಳನ್ನು ಆನಿಸಿ ನಿಲ್ಲಿಸುವುದು ಅವರ ಕಸುಬು. ಗಣಿ ಮುಚ್ಚಿದ ಮೇಲೂ ಊರಿಗಾಂನಲ್ಲಿ ಗಣಿಯವರು ಕೊಟ್ಟಿದ್ದ ಲೈನ್ ಮನೆ ಬಿಟ್ಟು ಬರಲಿಲ್ಲ. ಒಳಗೆ ಕೆಲಸಕ್ಕೆ ಕೈ ಹಾಕುವ ಮುಂಚೆ ಸಲಾಕೆಯಿಂದ ತಲೆಯ ಮೇಲಿನ ಬಂಡೆಯನ್ನು ತಟ್ಟಿ ಕೇಳಬೇಕಂತೆ. ಗಂಟೆಯ ಹಾಗೆ ಕೇಳಿದರೆ ಗಟ್ಟಿ. ಖಾಲಿ ಡಬ್ಬದ ಹಾಗೆ ಕೇಳಿದರೆ ಬಂಡೆ ಬಿಟ್ಟುಕೊಂಡಿದೆ, ಕೆಳಗೆ ನಿಲ್ಲಬಾರದು. ಆ ಚಟ ಮೇಲೆ ಬಂದರೂ ಹೋಗಲಿಲ್ಲ. ಗೋಡೆ, ಕಲ್ಲಂಗಡಿ, ನೀರಿನ ಟ್ಯಾಂಕು, ಎದುರಿಗೆ ಬಂದದ್ದನ್ನೆಲ್ಲ ತಟ್ಟುತ್ತಾರೆ. ಮದುವೆ ಮಾತಿಗೆ ನಮ್ಮ ಮನೆಗೆ ಬಂದ ದಿನ ಕಾಫಿ ಲೋಟ ಕೆಳಗಿಟ್ಟು ನಮ್ಮ ಬಾಗಿಲ ಚೌಕಟ್ಟನ್ನು ತಟ್ಟಿ, "ಗೆದ್ದಲು ಐತೆ" ಎಂದಿದ್ದರು. ಗೆದ್ದಲು ಇತ್ತು. ನಮ್ಮಪ್ಪ ಅವರನ್ನು ಕಡೆಯವರೆಗೂ ಕ್ಷಮಿಸಲಿಲ್ಲ.

ಆಯುಧ ಪೂಜೆಯ ಬೆಳಿಗ್ಗೆ ಜೀಪಿಗೆ ಚೆಂಡುಹೂವಿನ ಹಾರ ಹಾಕಿ, ಬಾನೆಟ್ಟಿಗೆ ವಿಭೂತಿ ಬಳಿದು, ನಾಲ್ಕು ಚಕ್ರಕ್ಕೂ ನಿಂಬೆಹಣ್ಣು ಇಟ್ಟಾಗಿತ್ತು. ಅಕ್ಕಪಕ್ಕದವರು, ಟ್ರಾಕ್ಟರಿನವರು ಎಲ್ಲ ಸೇರಿದ್ದರು. ಮಾವ ಆಟೋದಲ್ಲಿ ಬಂದಿಳಿದರು. ಬೂದುಗುಂಬಳ ಒಡೆದಾಯಿತು. ಅವರು ಯಾರದೋ ಕೈಯಿಂದ ಸ್ಪ್ಯಾನರು ತೆಗೆದುಕೊಂಡು, ಪಂಚೆ ಎತ್ತಿ ಕಟ್ಟಿ, ಕುಕ್ಕರಗಾಲಲ್ಲಿ ಕೂತು ಚಾಸಿಯ ಉದ್ದಕ್ಕೂ ತಟ್ಟುತ್ತ ಬಂದರು. ಠಣ್. ಠಣ್. ಠಣ್. ಬಲಗಡೆ ಮುಂದಿನ ಚಕ್ರದ ಹತ್ತಿರ ಡಬ್ ಎಂದಿತು.

"ಅಳಿಯ, ಇಲ್ಲಿ ಸತ್ತೋಗೈತೆ."

"ಪೇಂಟು ದಪ್ಪ ಕುಂತೈತೆ ಮಾವ. ಅದ್ಕೇ ಅಂಗ್ ಕೇಳುತ್ತೆ."

"ಪೇಂಟು ದಪ್ಪ ಆದ್ರೆ ಸದ್ದು ಮಂದ ಆಗ್ತೈತೆ. ಇದು ಮಂದ ಅಲ್ಲ, ಖಾಲಿ."

ಟ್ರಾಕ್ಟರಿನವನೊಬ್ಬ ನಕ್ಕ. ನನ್ನ ಕಿವಿ ಬಿಸಿಯಾಯಿತು. "ಬಂಡೆ ಬ್ಯಾರೆ, ಕಬ್ಬಿಣ ಬ್ಯಾರೆ. ಕಬ್ಬಿಣ ನನ್ಗೆ ಬಿಡಿ" ಎಂದೆ.

"ಬಿಟ್ಟೆ ಕಣಪ್ಪ. ನನ್ನ ಮಗಳು ಮಾತ್ರ ಇದ್ರಾಗೆ ಕೂರಂಗಿಲ್ಲ."

ರೇಷ್ಮೆ ಸೀರೆ ಉಟ್ಟು ಜೀಪಿನ ಮೆಟ್ಟಿಲ ಮೇಲೆ ಒಂದು ಕಾಲಿಟ್ಟಿದ್ದ ಹೆಂಡತಿ ಆ ಕಾಲನ್ನು ಕೆಳಗಿಳಿಸಿದಳು. ನಾನು ಒಬ್ಬನೇ ಹತ್ತಿ ನಿಂಬೆಹಣ್ಣು ತುಳಿಸಿ ಗಾಡಿಯನ್ನು ರಸ್ತೆಯ ತುದಿಯವರೆಗೆ ಬಿಟ್ಟು ತಂದೆ. ಜನ ಚಪ್ಪಾಳೆ ಹೊಡೆದರು. ಹೋಗುವಾಗ, ಬರುವಾಗ ನಾನು ಎಂಜಿನ್ ಸದ್ದು ಕೇಳಲೇ ಇಲ್ಲ. ಬಲಗಡೆ ಮುಂದಿನ ಮೂಲೆಯೊಂದನ್ನೇ ಕೇಳುತ್ತಿದ್ದೆ.

ಎಲ್ಲರೂ ಊಟ ಮಾಡಿ ಹೋದ ಮೇಲೆ ಉಳಿ, ಸುತ್ತಿಗೆ ತೆಗೆದುಕೊಂಡು ಕೆಳಗೆ ತೂರಿದೆ. ಜೋರಾಗಿ ಹೊಡೆಯಬೇಕಾಗಿಯೂ ಬರಲಿಲ್ಲ. ಉಳಿ ಬಿಸ್ಕತ್ತಿನೊಳಗೆ ಹೋದ ಹಾಗೆ ಹೋಯಿತು. ಮೇಲ್ಗಡೆ ಬ್ಯಾಟರಿ ಇರುವ ಜಾಗ ಅದು. ಎಷ್ಟು ವರ್ಷಗಳಿಂದಲೋ ಆಸಿಡ್ ತೊಟ್ಟಿಕ್ಕಿ ಒಳಗಿನಿಂದಲೇ ತಿಂದಿತ್ತು. ಹಸಿರು ಬಣ್ಣದ ಸಿಪ್ಪೆಯೊಂದೇ ಕಬ್ಬಿಣದ ಹಾಗೆ ನಿಂತಿತ್ತು. ಕಂದು ಪುಡಿ ನನ್ನ ಕಣ್ಣಿಗೆ, ಬಾಯಿಗೆ ಉದುರಿತು. ಒರೆಸಿಕೊಂಡು ನೋಡಿದರೆ, ತೂತಿನಿಂದ ಎರಡೇ ಬೆರಳು ಆಚೆಗೆ ಚಾಸಿ ನಂಬರಿನ ಕೊನೆಯ ಅಂಕಿ ಏಳು.

ಸಂಜೆ ಗುಜರಿ ಗೆಳೆಯ ಕಡಲೆಪುರಿ ಕೊಡಲು ಬಂದ. ತೂತು ನೋಡಿ, "ನನ್ನತ್ರ ಇನ್ನೊಂದು ಚಾಸಿ ಐತೆ, ಗಟ್ಟಿ ಮಾಲು. ಈ ನಂಬರ್ನೇ ಅದ್ರ ಮೇಲೆ ಪಂಚ್ ಒಡೆದುಬಿಡಣ. ಯಾರ್ಗೊತ್ತಾಗುತ್ತೆ?" ಎಂದ.

"ನಂಗೊತ್ತಾಗುತ್ತೆ."

"ನೀನೇನು ಇನ್‌ಸ್ಪೆಕ್ಟರಾ?"

ಕಡಲೆಪುರಿ ತಿಂದು ಹೋದ. ಅವನು ಹೇಳಿದ್ದು ಸುಲಭವಿತ್ತು, ನನ್ನ ಕೈಗೆ ಆಗದ ಕೆಲಸವೂ ಅಲ್ಲ. ಆದರೆ ಇಷ್ಟು ದಿನ ಎತ್ತಿ ನಿಲ್ಲಿಸಿದ ಗಾಡಿ ಇದಲ್ಲ, ಇನ್ನೊಂದು ಎಂದಾಗಿಬಿಡುತ್ತಿತ್ತು. ಬೆಳಿಗ್ಗೆ ಮಾವನಿಗೆ ಫೋನು ಮಾಡಿದೆ.

"ಎಲ್ಲಿಂದ ಎಲ್ಲೀಗಂಟ ಸತ್ತೈತೆ ಅಂತ ಸರಿಯಾಗಿ ತೋರಿಸ್ಬೇಕು ಮಾವ."

"ಕಬ್ಬಿಣ ನಿಂಗೇ ಬಿಟ್ಟಿದೀನಲ್ಲಪ್ಪ." ಆ ಕಡೆ ಏನನ್ನೋ ತಟ್ಟಿದ ಸದ್ದು ಕೇಳಿತು. "ಇಡ್ಲಿ ಕಟ್ಟಿಸ್ಕಂಡು ಬತ್ತೀನಿ, ಇರು."

ಸಲಾಕೆ, ಗರಗಸ, ಬಾಚಿ ಎಲ್ಲವನ್ನೂ ಗೋಣಿಚೀಲದಲ್ಲಿ ತಂದಿದ್ದರು. ಕಣ್ಣು ಮುಚ್ಚಿಕೊಂಡು ತಟ್ಟಿ, ಜೀವ ಇರುವ ಕಬ್ಬಿಣ ಎಲ್ಲಿಂದ ಶುರುವೋ ಅಲ್ಲಿ ಸೀಮೆಸುಣ್ಣದ ಗೆರೆ ಎಳೆದರು. ಗೆರೆ ಏಳಕ್ಕೆ ತಾಗಿಕೊಂಡೇ ಬಿತ್ತು. ಆ ಗೆರೆಯ ಮೇಲೆಯೇ ಕೊಯ್ಯಬೇಕು. ಎಂಜಿನ್ ಇಳಿಸಲು ದಿನವಿಲ್ಲ. ಅದರ ಭಾರ ಹೊತ್ತ ಚಾಸಿಯನ್ನು ಹಾಗೇ ಕತ್ತರಿಸಿದರೆ ಮುರಿದು ಕೂರುತ್ತದೆ. ನಾನು ಎರಡು ಜಾಕಿ ತಂದೆ. ಮಾವ ಅವನ್ನು ಕಾಲಿನಿಂದ ಆಚೆ ತಳ್ಳಿದರು.

"ಜಾಕಿ ಮಾತಾಡಲ್ಲ. ಮರ ಮಾತಾಡ್ತೈತೆ."

"ಮಾತಾಡಕ್ಕಲ್ಲ ಮಾವ, ಭಾರ ತಡೆಯಕ್ಕೆ."

"ನೀನು ನಿನ್ ಜಾಕಿ ಇಟ್ಕೊ. ನನ್ನ ಮರ ನಾನು ಇಟ್ಕೊಂತೀನಿ."

ಅವರು ನೀಲಗಿರಿ ಮರದ ತುಂಡುಗಳನ್ನು ಅಳತೆಗೆ ಕೊಯ್ದು ಚಾಸಿಯ ಕೆಳಗೆ ನಿಲ್ಲಿಸಿ, ತಲೆಗೆ ಬೆಣೆ ಹೊಡೆದರು. ನಾನು ಅದರ ಪಕ್ಕದಲ್ಲಿ ಜಾಕಿ ಇಟ್ಟು, ಭಾರವೆಲ್ಲ ಜಾಕಿಯ ಮೇಲೇ ಕೂರುವ ಹಾಗೆ ಒಂದು ಕೈ ಹೆಚ್ಚಾಗಿಯೇ ಎತ್ತಿದೆ. ಮಾವ ಅದನ್ನು ನೋಡಿದರು.

ಗ್ರೈಂಡರು ಹಾಕುವ ಹಾಗಿರಲಿಲ್ಲ, ಅದರ ಕಲ್ಲು ಏಳನ್ನೇ ತಿಂದುಬಿಡುತ್ತದೆ. ಕಬ್ಬಿಣ ಕೊಯ್ಯುವ ಆಕ್ಸಾ ಬ್ಲೇಡಿನ ಒಂದು ತುದಿಗೆ ಬಟ್ಟೆ ಸುತ್ತಿ, ಕೈಯಲ್ಲಿ ಹಿಡಿದು, ಗೋಣಿಯ ಮೇಲೆ ಮಲಗಿ ಕೊಯ್ಯತೊಡಗಿದೆ. ಚಕ್ರ ಬಿಚ್ಚಿದ್ದರಿಂದ ಎದೆಯ ಮೇಲೆ ಅಡ್ಡಕ್ಕೆ ಆಕ್ಸಲ್ಲು. ಒಂದೊಂದು ಎಳೆತಕ್ಕೂ ಅಂಕಿ ನೋಡುತ್ತಿದ್ದೆ. ಮಾವ ತಲೆಯ ಹತ್ತಿರ ಕೂತು ಟಾರ್ಚು ಹಿಡಿದಿದ್ದರು. ಹೆಂಡತಿ ಟೀ ತಂದು, ನನ್ನ ಕಾಲುಗಳನ್ನಷ್ಟೇ ನೋಡಿ, ಲೋಟ ಇಟ್ಟು ಅಲ್ಲೇ ನಿಂತಳು.

ಇನ್ನು ಸ್ವಲ್ಪವೇ ಉಳಿದಿತ್ತು. ಎಲ್ಲೋ ಕಿರ್ ಎಂದು ಸಣ್ಣಗೆ ಸದ್ದಾಯಿತು, ಹೊಸ ಚಪ್ಪಲಿಯ ಹಾಗೆ.

"ಈಚೆ ಬಾ" ಎಂದರು ಮಾವ.

"ಇನ್ನೊಂದಿಷ್ಟೇ ಮಾವ."

"ಈಚೆ ಬಾರ್ಲಾ."

ಮದುವೆಯಾದಾಗಿನಿಂದ ಅವರು ನನ್ನನ್ನು ಲಾ ಎಂದು ಕರೆದದ್ದು ಅದೇ ಮೊದಲು. ಬ್ಲೇಡನ್ನು ಕೊಯ್ತದಲ್ಲೇ ಬಿಟ್ಟು ತೆವಳಿದೆ. ತಲೆ ಹೊರಗೆ ಬರುತ್ತಿದ್ದ ಹಾಗೆ ಒಂದು ಬೆಣೆ ಸಿಡಿದು ತಗಡಿಗೆ ಬಡಿಯಿತು. ಚಾಸಿ ಒಂದು ಬೆರಳಿನಷ್ಟು ಕುಸಿದು ನೀಲಗಿರಿ ತುಂಡಿನ ಮೇಲೆ ಕೂತಿತು. ತುಂಡು ಮತ್ತೊಮ್ಮೆ ಕಿರ್ ಎಂದು ನಿಂತುಕೊಂಡಿತು. ಟೀ ಲೋಟ ಉರುಳಿತ್ತು.

ನನ್ನ ಜಾಕಿಗಳಲ್ಲೊಂದು, ಅದರ ಆಯಿಲ್ ಸೀಲು ಬಿಟ್ಟು, ಒಂದು ಚೂರೂ ಸದ್ದಿಲ್ಲದೆ ಇಳಿಯುತ್ತ ಇತ್ತು. ಕೆಳಗೆ ಸಿಮೆಂಟಿನ ಮೇಲೆ ಎಣ್ಣೆ ಹರಡಿತ್ತು. ಅದು ಇಳಿದಷ್ಟೂ ಭಾರ ಮರಕ್ಕೆ ಹೋಗಿ, ಮರ ಹೇಳಿತ್ತು.

ಮಾವ ಜಾಕಿಯ ಕಡೆ ನೋಡಲೂ ಇಲ್ಲ. ಇನ್ನೆರಡು ತುಂಡು ಕೊಯ್ದು ನಿಲ್ಲಿಸಿ, ಹೊಸ ಬೆಣೆ ಹೊಡೆದು, ಟಾರ್ಚು ಕೈಗೆ ತೆಗೆದುಕೊಂಡರು. "ಈಗ ಓಗು" ಎಂದರು. ಹೆಂಡತಿ "ಇವತ್ತಿಗೆ ಬ್ಯಾಡ" ಎಂದಳು. ಹೋದೆ. ಚಾಸಿ ಕುಸಿದಾಗ ಬ್ಲೇಡು ಸಿಕ್ಕಿಕೊಂಡು ಮುರಿದು, ಏಳರ ಮೇಲೆ ಅಡ್ಡಕ್ಕೆ ಒಂದು ಗೀರು ಎಳೆದಿತ್ತು. ಅದನ್ನು ಮಾವನಿಗೆ ತೋರಿಸಲಿಲ್ಲ. ಉಳಿದದ್ದನ್ನು ಕೊಯ್ದು, ಸತ್ತ ತುಂಡು ತೆಗೆದು, ಅಂಕಿಗಳ ಮೇಲೆ ಒದ್ದೆ ಗೋಣಿ ಹೊದಿಸಿ, ಹೊಸ ಪ್ಲೇಟನ್ನು ಚೂರು ಚೂರೇ ಬೆಸೆದೆ. ಆರಿದ ಮೇಲೆ ಮಾವ ತಟ್ಟಿದರು. ಠಣ್ ಎಂದಿತು. "ಉಂ" ಎಂದರು. ಅವರ ಬಾಯಲ್ಲಿ ಅದೇ ಹೆಚ್ಚು.

ತಪಾಸಣೆಯ ದಿನ ಮಾವನೂ ಬಂದರು, ಆದರೆ ಆಟೋದಲ್ಲಿ. ಇನ್‌ಸ್ಪೆಕ್ಟರು ವಯಸ್ಸಿನಲ್ಲಿ ಚಿಕ್ಕ ಹೆಣ್ಣುಮಗಳು. ಲೈಟು, ಬ್ರೇಕು ಎಲ್ಲ ನೋಡಿ, ಬಗ್ಗಿ, ನಂಬರಿನ ಮೇಲೆ ಬಿಳಿ ಕಾಗದವಿಟ್ಟು ಪೆನ್ಸಿಲಿನಿಂದ ಉಜ್ಜಿದರು. ಅಂಕಿಗಳು ಒಂದೊಂದಾಗಿ ಕಾಗದಕ್ಕೆ ಎದ್ದು ಬಂದವು. ಕೊನೆಯದರ ಹತ್ತಿರ ಪೆನ್ಸಿಲು ನಿಂತಿತು.

"ಇದು ಏಳಾ, ಒಂದಾ? ಈ ಗೀರು ಏನು? ಇಲ್ಲಿ ಹೊಸ ವೆಲ್ಡಿಂಗ್ ಯಾಕಿದೆ?"

ತುಕ್ಕು ತಿಂದಿದ್ದನ್ನು, ಕೊಯ್ದದ್ದನ್ನು, ಬ್ಲೇಡು ಮುರಿದದ್ದನ್ನು ಇದ್ದ ಹಾಗೇ ಹೇಳಿದೆ. ಸತ್ತ ತುಂಡನ್ನು ಗೋಣಿಯಿಂದ ತೆಗೆದು ತೋರಿಸಿದೆ. ಅವರು ಮೊಬೈಲ್ ಟಾರ್ಚು ಹಾಕಿ ಮತ್ತೆ ಬಗ್ಗಿದರು. ಬೇರೆ ಕಾಗದವಿಟ್ಟು ಇನ್ನೊಮ್ಮೆ ಉಜ್ಜಿದರು. ಆಮೇಲೆ ಉಗುರಿನಿಂದ ಅಂಕಿಯ ಮೇಲೆ ನಿಧಾನಕ್ಕೆ ಎಳೆದರು. ಪಕ್ಕದಲ್ಲಿ ಮಾವ ತಮ್ಮ ಚಟ ತಡೆಯಲಾಗದೆ ಯಾವುದೋ ಸ್ಕೂಲ್ ಬಸ್ಸಿನ ಬಾಗಿಲು ತಟ್ಟುತ್ತಿದ್ದರು.

"ಗೀರು ಮೇಲೆ ಮೇಲಿದೆ. ಪಂಚ್ ಆಳವಾಗಿದೆ" ಎಂದರು ಇನ್‌ಸ್ಪೆಕ್ಟರು. "ಏಳೇ." ಬರೆದುಕೊಂಡರು.

ವಾಪಸು ಬರುವಾಗ ಮಾವ ಆಟೋ ಕರೆಯಲಿಲ್ಲ. ಜೀಪಿನ ಸುತ್ತ ಒಮ್ಮೆ ನಡೆದು, ಎಲ್ಲೂ ತಟ್ಟದೆ, ಮುಂದಿನ ಎಡಗಡೆ ಸೀಟಿನಲ್ಲಿ ಕೂತರು. ಗಣಿಯ ಮಣ್ಣು ಸುರಿದ ಸೈನೈಡ್ ದಿಬ್ಬದ ಪಕ್ಕ ಬಂದಾಗ, "ನಿಧಾನಕ್ಕೆ ಓಡ್ಸಪ್ಪ, ಯಾರೂ ಅಟ್ಟಿಸ್ಕಂಡ್ ಬತ್ತಾ ಇಲ್ಲ" ಎಂದರು. ಶೆಡ್ಡಿನ ಹತ್ತಿರ ಹೆಂಡತಿ ಹಾಲಿನ ಕ್ಯಾನು ಹಿಡಿದುಕೊಂಡೇ ಹಿಂದೆ ಹತ್ತಿದಳು. ಹತ್ತಿ ಕೂತವಳು ಕೇಳಿದ್ದು ಗೇಟಿನ ವಿಷಯವನ್ನೇ.

ಈಗ ನನ್ನ ಹತ್ತಿರ ಒಂದು ಶೆಡ್ಡು, ಎರಡು ವೆಲ್ಡಿಂಗ್ ಮೆಷೀನು, ಎರಡು ಹಸು, ಹೊಸ ಗೇಟಿರುವ ಒಂದು ಮನೆ, ರಸ್ತೆಗೆ ಇಳಿಯುವ ಒಂದು ಮಿಲಿಟರಿ ಜೀಪು, ಒಳ್ಳೆಯ ಜಾಕಿ ಒಂದು ಮತ್ತು ನೀಲಗಿರಿ ಮರದ ತುಂಡುಗಳು ಆರು ಇವೆ.