ನನ್ನ ಕೈಗೆ ಕೂಗಿದ ಮಿಷನ್ನು

ಇವತ್ತು ಏರ್‌ಪೋರ್ಟಲ್ಲಿ ಮಿಷನ್ನೊಂದು ನನ್ನ ಕೈಗೆ ಕೂಗಿಬಿಡ್ತು ಕಣ್ರೀ! ನಾನೂ ನಮ್ಮೆಜಮಾನ್ರೂ ಕಾಶಿಗೆ ಹೊರಟಿದ್ವಿ. ತಪಾಸಣೆಯ ಹುಡುಗಿ ಕಾಗದದ ಪಟ್ಟಿಯೊಂದರಿಂದ ನನ್ನ ಅಂಗೈ ಒರೆಸಿ ಮಿಷನ್ನಿಗೆ ಕೊಟ್ಟಳು. ಕೆಂಪು ದೀಪ, ಕೀ ಅಂತ ಶಬ್ದ.

"ಸ್ಫೋಟಕದ ಅಂಶ ತೋರಿಸ್ತಿದೆ ಮೇಡಂ, ಪಕ್ಕಕ್ಕೆ ಬನ್ನಿ. ಬೆಳಿಗ್ಗೆ ಏನು ಮುಟ್ಟಿದ್ರಿ?"

ಅಲ್ಲಿ ನೋಡಿದ್ರೆ ವಿಮಾನ ಹತ್ತೋಕೆ ಕರೀತಾವ್ರೆ! "ಮಾದಿಹಳ್ಳೀಲಿ ನಮ್ಮ ಹೊಲ ಐತೆ ಕಣಮ್ಮ. ಟೊಮೆಟೊಗೆ ನೈಟ್ರೇಟ್ ಗೊಬ್ಬರ ಹಾಕಿ ಬಂದೆ. ಸೋಪಲ್ಲಿ ಕೈ ತೊಳೆದಿದ್ದೀನಿ" ಅಂದೆ.

"ಅದೇ ಇರಬೇಕು. ಕೆಲವು ಬಾಂಬಿಗೂ ನೈಟ್ರೇಟ್ ಹಾಕ್ತಾರೆ. ಮಿಷನ್ನಿಗೆ ಬಾಂಬೂ ಒಂದೇ, ಗೊಬ್ಬರನೂ ಒಂದೇ."

ನನ್ನ ಭಯ ಅಲ್ಲೇ ಇಳೀತು, ಕುತೂಹಲ ಏರಿತು. ತೊಳೆದ ಕೈಯಲ್ಲೂ ಗೊತ್ತಾಗುತ್ತಾ? ಸೀರೆ ಸೆರಗಲ್ಲಿ? ಬಳೆ ಸಂದೀಲಿ? ಅವಳು ನನ್ನ ಬ್ಯಾಗು ಬಿಚ್ಚಿ ನೋಡ್ತಿದ್ರೆ, ನಾನು ಅವಳನ್ನೇ ವಿಚಾರಣೆ ಮಾಡ್ತಾ ನಿಂತೆ.

ಯಜಮಾನ್ರಿಗೆ ತಡೀಲಿಲ್ಲ. ಎದೆ ಉಬ್ಬಿಸಿಕೊಂಡು ಬಂದ್ರು. "ನಾವು ರೈತರು ಕಣಮ್ಮ. ಬೆಳಿಗ್ಗೆ ಇಬ್ಬರೂ ಸೇರೇ ಗೊಬ್ಬರ ಹಾಕಿದ್ದು."

"ಹಾಗಾದ್ರೆ ನಿಮ್ಮ ಕೈನೂ ಕೊಡಿ ಸಾರ್."

ಒರೆಸಿದಳು, ಮಿಷನ್ನಿಗೆ ಕೊಟ್ಟಳು. ಹಸಿರು ದೀಪ. ಚಕಾರವಿಲ್ಲ.

ಹುಡುಗಿ ನನ್ನ ಮುಖ ನೋಡಿದಳು, ನಾನು ಅವಳ ಮುಖ ನೋಡಿದೆ. ಬ್ಯಾಗಲ್ಲಿ ಏನೂ ಇಲ್ಲ ಅಂತ ಖಾತ್ರಿಯಾಗಿ ಇಬ್ಬರನ್ನೂ ಬಿಟ್ಟಳು.

ಈಗ ಯಜಮಾನ್ರು ವಿಮಾನದಲ್ಲಿ ಪಕ್ಕದ ಸೀಟಲ್ಲಿ ಕೂತು "ಆ ಮಿಷನ್ ಕೆಟ್ಟೈತೆ" ಅಂತ ಗೊಣಗ್ತಾವ್ರೆ. ನನಗಂತೂ ಅಂಥದ್ದೊಂದು ನಮ್ಮೂರ ಗಂಡಸರು ಕೂತು ಹರಟೋ ಅರಳಿಕಟ್ಟೆ ಹತ್ರನೂ ಇಡಿಸಬೇಕು ಅನ್ನಿಸ್ತೈತೆ.